ಶಿರೂರಿನ ಆಸುಪಾಸಿನ ಪ್ರೇಕ್ಷಣೀಯ ಸ್ಥಳಗಳು

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂಬುದು ಬಲ್ಲವರ ಮಾತು. ನಮ್ಮ ಮನೆಯಲ್ಲಿ ಕೋಶ ಓದಲೆಂದು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೆ ಊರು ಬಿಟ್ಟು ಸುತ್ತಿದವರು ನನಗಿಂತ ಮೊದಲೇ ಇದ್ದರು. ಅಪ್ಪಯ್ಯ ಮೀನಿನ ದೋಣಿಯಲ್ಲಿ ಕಡಲು ಕಂಡವರು. ಚಿಕ್ಕಪ್ಪ ಮುಂಬಯಿಯ ಹೋಟೆಲಿನಲ್ಲಿ ದುಡಿದವರು. ಇಷ್ಟಾದರೂ ಪರಸ್ಥಳದವರು ಬಂದು, “ನಿಮ್ಮೂರಿನಲ್ಲಿ ನೋಡುವಂಥದ್ದು ಏನಿದೆ?” ಎಂದು ಕೇಳಿದರೆ ನಮ್ಮವರು ಕೊಲ್ಲೂರಿನ ಬಸ್ಸನ್ನು ತೋರಿಸಿ ಸುಮ್ಮನಾಗುತ್ತಾರೆ. ಆ ಪ್ರಶ್ನೆಗೆ ಇನ್ನಷ್ಟು ತುಂಬಿದ ಉತ್ತರ ಕೊಡಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಶಿರೂರು ಯಾವುದೆಂಬುದನ್ನು ಹೇಳಬೇಕು. ೨೦೨೪ರ ಜುಲೈ ೧೬ರಂದು ಗುಡ್ಡ ಕುಸಿದು ಸುದ್ದಿಯಾದದ್ದು ಅಂಕೋಲೆಯ ಶಿರೂರು. ನಮ್ಮದು ಉಡುಪಿ ಜಿಲ್ಲೆಯ ಉತ್ತರದ ತುದಿಯಲ್ಲಿರುವ ಶಿರೂರು. ಇದನ್ನು ದಾಟಿದರೆ ಭಟ್ಕಳ. ೧೯೫೬ರ ವರೆಗೆ ಇದು ಬರಿಯ ಜಿಲ್ಲೆಯ ಗಡಿಯಾಗಿರಲಿಲ್ಲ. ಆಚೆಯ ಉತ್ತರ ಕನ್ನಡ ಮುಂಬಯಿಗೆ ಸೇರಿತ್ತು, ಈಚೆಯ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಒಂದೇ ಮಾತನ್ನಾಡುವ ಜನ ಆ ವರ್ಷದ ನವೆಂಬರ್ ೧ರಂದು ಒಂದೇ ರಾಜ್ಯದವರಾದರು.

ಶಿರೂರಿನಿಂದ ದಕ್ಷಿಣಕ್ಕೆ ಬೈಂದೂರಿನತ್ತ ಹೊರಟವರಿಗೆ ಒತ್ತಿನೆಣೆಯ ಗುಡ್ಡ ಸಿಗುತ್ತದೆ. ಅದರ ನೆತ್ತಿಯಿಂದ ಕಾಣುವ ಸೂರ್ಯಾಸ್ತ ಬಹಳ ಮನೋಹರವಾದುದು. ಕೆಳಗೆ ಸೋಮೇಶ್ವರದ ಕಡಲತೀರ, ದಡದಲ್ಲೇ ದೇವಾಲಯ. ಬೈಂದೂರು ಪೇಟೆಯಲ್ಲಿ ಶಿಲ್ಪಸಂಪನ್ನವಾದ ಸೇನೇಶ್ವರ ದೇವಾಲಯವಿದೆ. ಕೊಲ್ಲೂರಿಗೆ ಹೋಗುವ ಯಾತ್ರಿಕರು ಬಸ್ಸು ಬದಲಿಸುವ ಅವಸರದಲ್ಲಿ ಇದನ್ನು ನೋಡದೆ ಹೋಗುವುದೇ ಹೆಚ್ಚು.

ಇನ್ನೂ ದಕ್ಷಿಣಕ್ಕೆ ಮರವಂತೆ. ಇಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಮತ್ತೊಂದು ಬದಿಗೆ ಸೌಪರ್ಣಿಕಾ ನದಿ. ಘಟ್ಟದಿಂದಿಳಿದ ನದಿ ಕಡಲಿನ ಮಗ್ಗುಲಿಗೆ ಬಂದೂ ಅದನ್ನು ಸೇರುವುದಿಲ್ಲ. ನಡುವೆ ಮರಳಿನ ದಿಣ್ಣೆ ಅಡ್ಡವಾಗಿರುವುದರಿಂದ ಅದು ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ ಮುಂತಾದ ನದಿಗಳೊಡನೆ ಕೂಡಿ ಸಮುದ್ರ ಸೇರುತ್ತದೆ. ಐದು ನದಿಗಳ ಆ ಸಂಗಮಕ್ಕೆ ಪಂಚಗಂಗಾವಳಿ ಎಂದು ಹೆಸರು. ನಾವು ನಿಂತು ನೋಡುವ ಹೆದ್ದಾರಿ ಈ ಕಿರಿದಾದ ಮರಳಪಟ್ಟಿಯ ಮೇಲೆಯೇ ಹಾದಿದೆ. ದಡದಲ್ಲಿ ಒಟ್ಟಿರುವ ದೊಡ್ಡ ಕಲ್ಲುಗಳು ಅಂದಕ್ಕಾಗಿ ಇಟ್ಟವಲ್ಲ. ಕಡಲ್ಕೊರೆತವನ್ನು ತಡೆಯಲು ಹಾಕಿದವು.

ಪೂರ್ವಕ್ಕೆ ತಿರುಗಿದರೆ ಘಟ್ಟಗಳ ಸಾಲು. ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಕೇರಳದಿಂದ ಬರುವ ಭಕ್ತರು ಅಸಂಖ್ಯರು. ನವರಾತ್ರಿಯ ಕೊನೆಗೆ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ತಾಯಂದಿರು ಸಾಲುಗಟ್ಟಿ ನಿಲ್ಲುತ್ತಾರೆ. ಮೊದಲ ಅಕ್ಷರಕ್ಕೆ ಇಷ್ಟೊಂದು ಗೌರವ ಸಲ್ಲುವುದನ್ನು ಕಂಡಾಗ, ಅಕ್ಷರವಿಲ್ಲದ ಮನೆಯಿಂದ ಬಂದ ನನ್ನಂಥವನಿಗೆ ಮನಸ್ಸು ತುಂಬಿ ಬರುತ್ತದೆ. ಕೊಲ್ಲೂರಿನ ಹಿಂದೆ ೧೩೪೩ ಮೀಟರು ಎತ್ತರದ ಕೊಡಚಾದ್ರಿ; ಅದರ ಮೇಲೆ ಸರ್ವಜ್ಞಪೀಠವೆಂಬ ಕಲ್ಲಿನ ಗುಡಿ. ಶಿರೂರಿನವರಿಗೆ ಇನ್ನೂ ಹತ್ತಿರದ್ದು ತೂದಳ್ಳಿಯ ಕಡೆಯ ಕೂಸಳ್ಳಿ ಜಲಪಾತ. ಕಾಡಿನಲ್ಲಿ ನಡೆದೇ ಅಲ್ಲಿಗೆ ಹೋಗಬೇಕು. ಮಳೆಗಾಲದಲ್ಲಿ ಜಲಪಾತಗಳ ಚೆಲುವು ಹೆಚ್ಚು. ಪಾಚಿಗಟ್ಟಿದ ಬಂಡೆಯ ಜಾರಿಕೆಯೂ ಹೆಚ್ಚು. ೨೦೨೩ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಿಶಿನಗುಂಡಿಯಲ್ಲಿ ಒಬ್ಬ ಯುವಕ ಕಾಲು ಜಾರಿ ಬಿದ್ದು ಪ್ರಾಣ ಕಳೆದುಕೊಂಡನು. ಆದುದರಿಂದ ಮಳೆ ನಿಂತ ಮೇಲೆ, ದಾರಿ ಬಲ್ಲ ಊರವರ ಜೊತೆಯಲ್ಲಿ ಹೋಗುವುದೇ ಲೇಸು.

ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಬಸರೂರು ಮತ್ತು ಬಾರಕೂರುಗಳನ್ನು ನೋಡದೆ ಹಿಂತಿರುಗಬಾರದು. ವಾರಾಹಿಯ ದಂಡೆಯ ಬಸರೂರು ಒಂದು ಕಾಲಕ್ಕೆ ಸಂಪದ್ಭರಿತ ಬಂದರು. ೧೬೬೫ರಲ್ಲಿ ಶಿವಾಜಿಯ ನೌಕೆಗಳು ಬಂದು ಅದನ್ನು ಸೂರೆಗೊಂಡವು. ಬಾರಕೂರು ಆಳುಪರ ರಾಜಧಾನಿಯಾಗಿತ್ತು. ಮುಂದೆ ವಿಜಯನಗರದ ಒಂದು ರಾಜ್ಯಕ್ಕೆ ಕೇಂದ್ರವಾಯಿತು. ಕತ್ತಲೆ ಬಸದಿಯೂ ಹಲವು ದೇವಾಲಯಗಳೂ ಇಂದಿಗೂ ಅಲ್ಲಿವೆ.

ಹದಿನಾಲ್ಕನೆಯ ಶತಮಾನದಲ್ಲಿ ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ, ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟವನು, ಇದೇ ಕರಾವಳಿಯನ್ನು ಹಾದುಹೋದನು. ಹೊನ್ನಾವರದಲ್ಲಿ ಹುಡುಗಿಯರಿಗೆ ೧೩, ಹುಡುಗರಿಗೆ ೨೩ ಶಾಲೆಗಳಿದ್ದುದನ್ನು ಬರೆದಿದ್ದಾನೆ. ಬಾರಕೂರನ್ನೂ ಕಂಡಿದ್ದಾನೆ. ಕರಾವಳಿಯ ದಾರಿಯುದ್ದಕ್ಕೂ ಮರದ ನೆರಳು, ಅಲ್ಲಲ್ಲಿ ದಾರಿಹೋಕರು ಕುಳಿತು ದಣಿವಾರಿಸಿಕೊಳ್ಳಲು ಮರದ ಮನೆ, ಅದರ ಬಳಿ ನೀರಿನ ಬಾವಿ ಇದ್ದುವೆಂದು ಹೊಗಳಿದ್ದಾನೆ. ಕಲ್ಲಿಕೋಟೆಯಲ್ಲಿ ಅವನು ಕಂಡ ಚೀನೀ ಹಡಗುಗಳು ಹದಿಮೂರು.

ಚೀನಾದಲ್ಲಿ ಆತ ಕಂಡ ಬಂದರುಗಳಲ್ಲಿ ಒಂದಾದ ಛ್ವಾನ್‌ಝೌ ೨೦೨೧ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ಊರು ಸೂತ್ರದ ಗೊಂಬೆಯಾಟಕ್ಕೂ ಹೆಸರಾಗಿದೆ. ಅಂಥದೊಂದು ಕಲೆ ನಮ್ಮಲ್ಲಿಯೂ ಇದೆ! ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ಯಕ್ಷಗಾನದ ವೇಷ ತೊಟ್ಟ ಗೊಂಬೆಗಳನ್ನು ಸೂತ್ರದಿಂದ ಕುಣಿಸುತ್ತ ಬಂದಿದ್ದಾರೆ. ಕೊಗ್ಗ ಕಾಮತರು ಈ ಕಲೆಯನ್ನು ದೇಶವಿದೇಶಗಳಿಗೆ ಪರಿಚಯಿಸಿದರು. ಮಳೆಗಾಲ ಕಳೆದ ಮೇಲೆ ಬಂದವರು ಮಂದಾರ್ತಿ, ಮಾರಣಕಟ್ಟೆ ಮೇಳಗಳ ಬಡಗುತಿಟ್ಟಿನ ಆಟವನ್ನೂ ನೋಡಬಹುದು.

ಈ ಸ್ಥಳಗಳನ್ನು ತಲುಪುವುದು ಇಂದು ಕಷ್ಟವಲ್ಲ. ೧೯೯೮ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗದಲ್ಲಿ ಕುಂದಾಪುರ, ಬೈಂದೂರು, ಶಿರೂರು ಮೂರಕ್ಕೂ ನಿಲ್ದಾಣಗಳಿವೆ. ಹೆದ್ದಾರಿಯೂ ಅಗಲವಾಗಿದೆ. ಆದರೆ ಅಗಲವಾದ ದಾರಿಯಿಂದ ಎರಡು ತೊಂದರೆಗಳುಂಟಾಗಿವೆ. ಒಂದು, ಗುಡ್ಡಕ್ಕೆ ಬಿದ್ದ ಪೆಟ್ಟು. ಹೆದ್ದಾರಿಗಾಗಿ ಕಡಿದ ಮೇಲೆ ಒತ್ತಿನೆಣೆಯ ಮಣ್ಣು ಮಳೆಗಾಲದಲ್ಲಿ ಜರಿದು ಬಿದ್ದದ್ದುಂಟು; ಅಂಕೋಲೆಯ ದುರಂತದ ಅನಂತರ ಅದನ್ನು ನೋಡುವಾಗ ಎದೆ ನಡುಗುತ್ತದೆ. ಎರಡು, ವೇಗ. ಇಬ್ನ್ ಬತೂತನ ಕಾಲದ ದಾರಿ ಪಥಿಕನನ್ನು ಕೂರಿಸಿ ನೀರು ಕೊಡುತ್ತಿತ್ತು. ಇಂದಿನ ದಾರಿ ಆತನನ್ನು ಕ್ಷಣಾರ್ಧದಲ್ಲಿ ಊರಿನಿಂದಾಚೆಗೆ ಒಯ್ಯುತ್ತದೆ. ಪ್ರವಾಸಿ ನಿಲ್ಲದಿದ್ದರೆ ಊರಿನ ಹೋಟೆಲಿಗೆ ವ್ಯಾಪಾರವಿಲ್ಲ, ಗೊಂಬೆಯಾಟಕ್ಕೆ ಪ್ರೇಕ್ಷಕರಿಲ್ಲ, ನಮ್ಮ ಓರಗೆಯವರಿಗೆ ಬೆಂಗಳೂರಿನ ಬಸ್ಸು ಹತ್ತುವುದೂ ತಪ್ಪುವುದಿಲ್ಲ.

ಇದಕ್ಕೆ ದೊಡ್ಡ ಯೋಜನೆಗಳೇ ಬೇಕೆಂದಿಲ್ಲ. ದೇವಾಲಯದ ಮುಂದೆ ಅದರ ಚರಿತ್ರೆ ತಿಳಿಸುವ ಒಂದು ಫಲಕ, ಜಲಪಾತದ ದಾರಿಗೆ ಊರಿನದೇ ಒಬ್ಬ ಮಾರ್ಗದರ್ಶಕ, ಕಡಲತೀರದಲ್ಲಿ ನೆರಳು ಮತ್ತು ಕುಡಿಯುವ ನೀರು ಇಷ್ಟಿದ್ದರೆ ಆರಂಭಕ್ಕೆ ಸಾಕು. ಪದವಿ ಪಡೆದು ಹೊರಡಲಿರುವ ಮಿತ್ರರೆ, ನಾವು ಎಲ್ಲಿಯೇ ಕೆಲಸಕ್ಕೆ ಸೇರಲಿ, ನಮ್ಮೂರಿನಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುವವರು ಅಲ್ಲಿಯೂ ಸಿಗುತ್ತಾರೆ. ರಜೆಯಲ್ಲಿ ಒಮ್ಮೆ ಇವನ್ನೆಲ್ಲ ನಡೆದು ನೋಡಿಕೊಂಡು ಹೋದರೆ ಹೇಳಲು ನಮ್ಮಲ್ಲಿ ಮಾತಿರುತ್ತದೆ.