ಕಾಯಕದ ಪರಿಚಯಕ್ಕೆ ನಾಲ್ಕೈದು ಸಾಲು

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ಸ್ಮರಿಸೋಣ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ. ಹೆಸರಿಗಿಂತ ಮೊದಲು ಕಾಯಕ ಬರುತ್ತದೆ. ಬಟ್ಟೆ ಮಡಿ ಮಾಡುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಕಟ್ಟಿಗೆ ಮಾರುವವರು ಎಂಬ ಪರಿಚಯ ಒಂದೇ ಮಾತಿನಲ್ಲಿ ಮುಗಿಯುತ್ತದೆ.

ಇಂದು ನಮ್ಮ ಮನೆಗಳ ತರುಣ ತರುಣಿಯರು ಉದ್ಯೋಗಕ್ಕಾಗಿ ಸಿದ್ಧಪಡಿಸುವ ಬಯೋಡಾಟಾಗಳಲ್ಲಿ ಈ ಕ್ರಮ ಎಷ್ಟೋ ವೇಳೆ ತಲೆಕೆಳಗಾಗಿರುತ್ತದೆ. ತಂದೆಯ ಹೆಸರು, ಜನ್ಮದಿನಾಂಕ, ಜಾತಿ, ಒಳಪಂಗಡ, ವಿವಾಹವಾಗಿದೆಯೇ ಇಲ್ಲವೇ ಎಂಬ ವಿವರಗಳು ಮೊದಲ ಪುಟವನ್ನು ತುಂಬುತ್ತವೆ. ವಧೂವರರ ಅಂಕಣಕ್ಕೆ ಇವು ಬೇಕಾದೀತು. ಖಾಸಗಿ ಸಂಸ್ಥೆಯ ಅಧಿಕಾರಿಗೆ ಬೇಕಾದುದು ಒಂದೇ ಪ್ರಶ್ನೆಗೆ ಉತ್ತರ: ಈ ಅಭ್ಯರ್ಥಿ ನಮ್ಮಲ್ಲಿ ಯಾವ ಕೆಲಸವನ್ನು ಮಾಡಬಲ್ಲರು? ನೂರಾರು ಅರ್ಜಿಗಳ ನಡುವೆ ಕುಳಿತ ಅವರು ಆ ಉತ್ತರವನ್ನು ಎರಡನೆಯ ಪುಟದವರೆಗೆ ಹುಡುಕುತ್ತ ಹೋಗುವುದಿಲ್ಲ. ಆದುದರಿಂದಲೇ ಹೆಸರು, ವಿಳಾಸಗಳ ಕೆಳಗೆ ನಾಲ್ಕೈದು ಸಾಲಿನ ವೃತ್ತಿ ಸಾರಾಂಶವನ್ನು ಬರೆಯುವ ಪದ್ಧತಿ ಬಳಕೆಗೆ ಬಂದಿದೆ.

ಅನೇಕರು ಈ ಸ್ಥಳದಲ್ಲಿ ಗೆಳೆಯರ ಬಯೋಡಾಟಾದಿಂದ ಒಂದು ಸಿದ್ಧವಾಕ್ಯವನ್ನು ನಕಲು ಮಾಡುತ್ತಾರೆ. ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯೊಡನೆ ಬೆಳೆಯಬಯಸುವ ಶ್ರಮಜೀವಿ’ ಎಂಬುದು ಅದರ ಒಂದು ಮಾದರಿ. ಈ ವಾಕ್ಯದಲ್ಲಿ ಬಯಕೆಯಿದೆ, ಕೆಲಸವಿಲ್ಲ. ಯಾರ ಹೆಸರಿನ ಕೆಳಗಿಟ್ಟರೂ ಒಪ್ಪುತ್ತದೆ. ಇದರ ಬದಲಿಗೆ ಹೀಗೆ ಬರೆದರೆ ಹೇಗಿರುತ್ತದೆ ನೋಡಿ: ‘ಬಿ.ಕಾಂ. ಪದವೀಧರೆ. ಪತ್ತಿನ ಸಹಕಾರ ಸಂಘವೊಂದರಲ್ಲಿ 2 ವರ್ಷ ಲೆಕ್ಕಪತ್ರಗಳ ನಿರ್ವಹಣೆ. 600 ಸದಸ್ಯರ ಖಾತೆಗಳ ಹೊಣೆ. ಟ್ಯಾಲಿ ಬಳಕೆ, ಜಿ.ಎಸ್.ಟಿ. ವಿವರಪತ್ರ ಸಲ್ಲಿಕೆಯಲ್ಲಿ ಅನುಭವ. ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ ಪತ್ರವ್ಯವಹಾರ.’ ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಓದಿದವರ ಕಣ್ಣಮುಂದೆ ಒಬ್ಬ ವ್ಯಕ್ತಿ ನಿಲ್ಲುತ್ತಾಳೆ.

ಒಂದೇ ಸಾರಾಂಶವನ್ನು ಎಲ್ಲ ಅರ್ಜಿಗಳಿಗೂ ಅಂಟಿಸುವುದೂ ಸರಿಯಲ್ಲ. ಇಟಲಿಯ ಲಿಯೊನಾರ್ಡೊ ಡ ವಿಂಚಿ ಸುಮಾರು 1482ರಲ್ಲಿ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನ ಆಶ್ರಯವನ್ನು ಬಯಸಿ ಸಿದ್ಧಪಡಿಸಿದ ಪತ್ರದ ಕರಡು ಉಳಿದು ಬಂದಿದೆ. ಸೇತುವೆಗಳು, ಯುದ್ಧಯಂತ್ರಗಳು ಮೊದಲಾದ ತನ್ನ ಕೌಶಲಗಳನ್ನು ಅದರಲ್ಲಿ ಕ್ರಮವಾಗಿ ವಿವರಿಸಿ, ಚಿತ್ರಕಲೆಯ ಮಾತನ್ನು ಕೊನೆಗೆ ಇಟ್ಟಿದ್ದಾನೆ. ಓದುವವನ ಅಗತ್ಯವನ್ನು ಅರಿತು ಬರೆಯುವುದೆಂದರೆ ಇದೇ. ಉದ್ಯೋಗದ ಜಾಹೀರಾತನ್ನು ಎರಡು ಸಲ ಓದಿ, ಅದರಲ್ಲಿ ಕೇಳಿರುವ ಕೌಶಲಗಳಲ್ಲಿ ನಮಗೆ ನಿಜವಾಗಿಯೂ ಇರುವವನ್ನು ಅದೇ ಪದಗಳಲ್ಲಿ ಹೇಳಬೇಕು. ಇಂದು ಅನೇಕ ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ಗಣಕಯಂತ್ರವೇ ಪದಗಳನ್ನು ಹುಡುಕಿ ವಿಂಗಡಿಸುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ.

ಅನುಭವವೇ ಇಲ್ಲದವರು ಏನು ಬರೆಯಬೇಕೆಂಬ ಪ್ರಶ್ನೆ ಸಹಜ. ಕಾಲೇಜಿನಲ್ಲಿ ಪೂರೈಸಿದ ಪ್ರಾಜೆಕ್ಟ್, ಎನ್.ಎಸ್.ಎಸ್. ಶಿಬಿರದ ಹೊಣೆ, ತಂದೆಯ ಕಿರಾಣಿ ಅಂಗಡಿಯಲ್ಲಿ ಬರೆದ ಲೆಕ್ಕ ಇವೆಲ್ಲವೂ ಕೆಲಸವೇ. ಮಕ್ಕಳ ಪಾಲನೆಗಾಗಿ ಕೆಲವು ವರ್ಷ ನೌಕರಿ ಬಿಟ್ಟು ಈಗ ಮರಳಬಯಸುವ ಸೋದರಿಯರೂ ಆ ಅವಧಿಯನ್ನು ಮುಚ್ಚಿಡಬೇಕಾಗಿಲ್ಲ. ಹಿಂದೆ ಮಾಡಿದ ಕೆಲಸವನ್ನು ಮೊದಲು ಹೇಳಿ, ಬಿಡುವಿನ ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು.

ಕೊನೆಯ ಮಾತು ಪ್ರಾಮಾಣಿಕತೆಯನ್ನು ಕುರಿತದ್ದು. ಗೊತ್ತಿಲ್ಲದುದನ್ನು ಗೊತ್ತಿದೆಯೆಂದು ಬರೆದರೆ ಸಂದರ್ಶನದ ಎರಡನೆಯ ಪ್ರಶ್ನೆಯಲ್ಲಿಯೇ ಬಣ್ಣ ಬಯಲಾಗುತ್ತದೆ. ಆಗ ನಿಜವಾಗಿ ಬಲ್ಲ ವಿಷಯಗಳನ್ನೂ ಯಾರೂ ನಂಬುವುದಿಲ್ಲ. ಸತ್ಯಶುದ್ಧ ಕಾಯಕವನ್ನು ಬದುಕಿನ ಆದರ್ಶವೆಂದು ಭಾವಿಸುವ ನಾವು ಆ ಕಾಯಕದ ಪರಿಚಯವನ್ನೂ ಸತ್ಯಶುದ್ಧವಾಗಿಯೇ ಬರೆಯಬೇಕಲ್ಲವೆ? ಈ ಭಾನುವಾರ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ‘ನೀನು ಏನು ಮಾಡಬಲ್ಲೆ, ಐದು ಸಾಲಿನಲ್ಲಿ ಹೇಳು’ ಎಂದು ಕೇಳೋಣ. ಅವರು ಬಾಯಿಬಿಟ್ಟು ಹೇಳಿದ್ದನ್ನು ಹಾಗೆಯೇ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.