ಒಂದು ಪ್ಯಾಕೆಟ್, ಒಂದು ಲೀಟರ್ ನೀರು

ಕಳೆದ ಮೇ ತಿಂಗಳಲ್ಲಿ ನಮ್ಮ ಆಪಾ ಹತ್ತು ತಿಂಗಳ ಮಗನನ್ನು ಕರೆದುಕೊಂಡು ಚಿಂಚೋಳಿಯಿಂದ ಸೇಡಂಗೆ ಬಂದಿದ್ದಳು. ಬಂದ ಮರುದಿನವೇ ಮಗುವಿಗೆ ವಾಂತಿ-ಭೇದಿ ಶುರುವಾಯಿತು. "ಹಲ್ಲು ಬರುವಾಗ ಹೀಗೇ ಆಗುತ್ತದೆ, ಗಾಬರಿಯಾಗಬೇಡಿ" ಎಂದರು ನಾನಿ. ಹೊಟ್ಟೆ ಸರಿಯಾಗುವವರೆಗೆ ಏನೂ ತಿನ್ನಿಸಬಾರದು ಎಂದು ಅಮ್ಮಿ ಗಂಜಿಯನ್ನೂ ನಿಲ್ಲಿಸಿದರು. ಸಂಜೆಗೆ ಮಗುವಿನ ನೆತ್ತಿ ಕುಳಿ ಬಿದ್ದಂತೆ ಕಾಣಿಸಿತು. "ನೆತ್ತಿ ಬಿದ್ದಿದೆ, ಅದಕ್ಕೇ ಭೇದಿ" ಎಂದರು ಪಕ್ಕದ ಮನೆಯವರು.

ವಿಜ್ಞಾನ ಓದುವವರೆಂದರೆ ಮನೆಯಲ್ಲಿ ನಾನೊಬ್ಬನೇ. ಅಂಗಡಿಗೆ ಓಡಿ ಓಆರ್‌ಎಸ್ ಪ್ಯಾಕೆಟ್ ತಂದೆ, ಪೂರ್ತಿ ಪುಡಿಯನ್ನು ಒಂದು ಗ್ಲಾಸ್ ನೀರಿಗೆ ಸುರಿದು ಕದಡಿ ಕೊಟ್ಟೆ. ಮಗು ಎರಡು ಗುಟುಕು ಕುಡಿದು ಮತ್ತೆ ವಾಂತಿ ಮಾಡಿಕೊಂಡಿತು. ರಾತ್ರಿ ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, "ಪುಡಿ ಎಷ್ಟು ನೀರಿಗೆ ಹಾಕಿದಿರಿ?" ನಾನು ಕೈಯಲ್ಲಿದ್ದ ಖಾಲಿ ಪ್ಯಾಕೆಟ್ ನೋಡಿದೆ. ಒಂದು ಲೀಟರ್ ಎಂದು ಅದರ ಮೇಲೆ ಬರೆದೇ ಇತ್ತು. ಒಂದು ರಾತ್ರಿ ಸಲೈನ್ ಹಾಕಿದ ಮೇಲೆ ಮಗು ಚೇತರಿಸಿಕೊಂಡಿತು. ಆ ರಾತ್ರಿ ಮತ್ತು ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭೇದಿಯಾದಾಗ ಅಪಾಯ ಎಲ್ಲಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಪ್ರತಿವರ್ಷ ಭೇದಿಯಿಂದ ಸಾಯುತ್ತಾರೆ. ಇವರಲ್ಲಿ ಬಹಳಷ್ಟು ಮಕ್ಕಳ ಜೀವ ತೆಗೆಯುವುದು ದೇಹದಿಂದ ಹೊರಟುಹೋಗುವ ನೀರು ಮತ್ತು ಲವಣ. ಮಗುವಿನ ದೇಹ ಚಿಕ್ಕದು, ಅದರಲ್ಲಿರುವ ನೀರಿನ ದಾಸ್ತಾನೂ ಚಿಕ್ಕದು. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಾಗಿ ಹೋಗುವುದು ಬೇರೆ. ನೀರು ಕಡಿಮೆಯಾದಾಗ ನೆತ್ತಿಯ ಮೆತ್ತನೆಯ ಭಾಗ ಒಳಗೆ ಕುಸಿಯುತ್ತದೆ. ಅಂದರೆ ನೆತ್ತಿ ಬಿದ್ದು ಭೇದಿಯಾಗುವುದಲ್ಲ, ಭೇದಿಯಾಗಿ ನೆತ್ತಿ ಬೀಳುತ್ತದೆ. ಪಕ್ಕದ ಮನೆಯವರು ಕಂಡದ್ದು ಸರಿಯಾಗಿಯೇ ಇತ್ತು, ಹೇಳಿದ ಕಾರಣ ಮಾತ್ರ ತಿರುಗುಮುರುಗಾಗಿತ್ತು. ನೆತ್ತಿ ಎತ್ತಿಸಲು ಓಡಾಡುವ ಆ ಒಂದೆರಡು ಗಂಟೆ ಮಗುವಿಗೆ ಬಹಳ ದುಬಾರಿ.

ಹಲ್ಲಿನ ಮಾತೂ ಹಾಗೆಯೇ. ಹಲ್ಲು ಬರುವ ವಯಸ್ಸಿನಲ್ಲಿ ಮಗು ಅಂಬೆಗಾಲಿಡುತ್ತದೆ, ಫರಸಿಯ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ರೋಗಾಣು ಒಳಗೆ ಹೋಗುವುದು ಆ ದಾರಿಯಿಂದ.

ಉಪ್ಪು-ಸಕ್ಕರೆಯ ಜೋಡಿ

ಭೇದಿಯಾಗುತ್ತಿರುವಾಗಲೂ ಸಣ್ಣ ಕರುಳಿನಲ್ಲಿ ಒಂದು ದಾರಿ ತೆರೆದೇ ಇರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಕರುಳಿನ ಕೋಶಗಳು ಎರಡನ್ನೂ ಒಟ್ಟಿಗೆ ಒಳಗೆ ಎಳೆದುಕೊಳ್ಳುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹೀಗೆ. 2002ರಿಂದ ಬಳಕೆಯಲ್ಲಿರುವ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರಬೇಕು.

ನೀರು ಕಡಿಮೆ ಹಾಕಿದರೆ ದ್ರಾವಣ ಗಾಢವಾಗುತ್ತದೆ. ಆಗ ಆಸ್ಮಾಸಿಸ್‌ನಿಂದ ದೇಹದ ನೀರೇ ಕರುಳಿಗೆ ಇಳಿಯುತ್ತದೆ, ರಕ್ತದಲ್ಲಿ ಸೋಡಿಯಂ ಏರುವ ಅಪಾಯವೂ ಇದೆ. ಇದೇ ಆಸ್ಮಾಸಿಸ್ ಬಗ್ಗೆ ನಾನು ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಗ್ಲಾಸ್ ಕೈಯಲ್ಲಿದ್ದಾಗ ನೆನಪಾಗಲಿಲ್ಲ.

ಈ ಔಷಧದ ಶಕ್ತಿ ದೊಡ್ಡದಾಗಿ ಗೊತ್ತಾದದ್ದು 1971ರಲ್ಲಿ. ಬಾಂಗ್ಲಾದೇಶ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತ್ತು, ಸಲೈನ್ ಬಾಟಲಿಗಳು ಸಾಲುತ್ತಿರಲಿಲ್ಲ. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸುವ ಕೆಲಸ ಮಾಡಿದವರು ಬಹುಪಾಲು ರೋಗಿಗಳ ಮನೆಯವರೇ. ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಿಕ್ಕಿತು.

ಮನೆಯಲ್ಲಿ ಏನು ಮಾಡಬೇಕು?

ಮೊದಲು ಪ್ಯಾಕೆಟ್ ಓದಿ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ. ನೀರಿಗೆ. ಅಳತೆಗೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. ನೀರು ಕುದಿಸಿ ಆರಿಸಿದ್ದಿರಲಿ. ನಮ್ಮಲ್ಲಿ ಟ್ಯಾಂಕರ್, ಬೋರ್‌ವೆಲ್ ನೀರು ಕುಡಿಯುವ ಮನೆಗಳು ಬಹಳ, ಅವರಿಗೆ ಈ ಮಾತು ಹೆಚ್ಚು ಮುಖ್ಯ. ಪುಡಿ ಪೂರ್ತಿ ಒಮ್ಮೆಲೇ ಹಾಕಿ. ಸಕ್ಕರೆ, ಹಾಲು, ಶರಬತ್ತು ಏನನ್ನೂ ಸೇರಿಸಬೇಡಿ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಕೊಡಬೇಕು. ಚಿಕ್ಕ ಮಗುವಿಗೆ ಚಮಚದಲ್ಲಿ, ನಿಮಿಷಕ್ಕೊಂದರಂತೆ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಿ.

ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಚಮಚ ಗೋಪುರದಂತೆ ತುಂಬದೆ ಸಮತಟ್ಟಾಗಿರಲಿ. ಪ್ಯಾಕೆಟ್ ಸಿಗುವವರೆಗೆ ಮಾತ್ರ ಇದು.

ಊಟ ನಿಲ್ಲಿಸಬೇಡಿ. ತಾಯಿಯ ಹಾಲು ಎಂದಿಗಿಂತ ಹೆಚ್ಚು ಸಲ ಕೊಡಬೇಕು. ಆರು ತಿಂಗಳು ದಾಟಿದ ಮಗುವಿಗೆ ಮೆತ್ತನೆಯ ಅನ್ನ, ತೊಗರಿಬೇಳೆಯ ಕಟ್ಟು, ಖಿಚಡಿ, ಬಾಳೆಹಣ್ಣು, ಮೊಸರು ಕೊಡಬಹುದು.

ಓಆರ್‌ಎಸ್ ಜೊತೆಗೆ ಜಿಂಕ್ ಮಾತ್ರೆಯೂ ಬೇಕು. ಎರಡರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ 10 ಮಿ.ಗ್ರಾಂ, ಆರು ತಿಂಗಳಿಂದ ಐದು ವರ್ಷದವರೆಗೆ 20 ಮಿ.ಗ್ರಾಂ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಭೇದಿ ಕಟ್ಟುವ ಮಾತ್ರೆ, ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಡಾಕ್ಟರ್ ಹೇಳದೆ ಕೊಡಬೇಡಿ.

ಹೆಸರಿಗೆ ಮೋಸ ಹೋಗಬೇಡಿ

ಅಂಗಡಿಯಲ್ಲಿ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಅಕ್ಷರ ಸೇರಿಸಿಕೊಂಡು ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಸಕ್ಕರೆ ಹೆಚ್ಚು, ಅದರಿಂದ ಭೇದಿಯೂ ಹೆಚ್ಚಾಗಬಹುದು. ಇದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳು ಆ ಹೆಸರು ಬಳಸಬಾರದೆಂದು ಆದೇಶಿಸಿತು. ಆದರೂ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ಎಂದು ನೋಡಿಯೇ ತೆಗೆದುಕೊಳ್ಳಿ.

ತಡಮಾಡದೆ ಆಸ್ಪತ್ರೆಗೆ ಯಾವಾಗ?

ಮಗು ಕುಡಿಯಲಾರದೆ ಇದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಕಣ್ಣು ಗುಳಿ ಬಿದ್ದರೆ, ಆರು ಗಂಟೆಯಾದರೂ ಮೂತ್ರ ಮಾಡದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಹೋದರೆ ಕೂಡಲೇ ಹೊರಡಿ. ಎರಡು ತಿಂಗಳೊಳಗಿನ ಕೂಸಾದರೆ ಲಕ್ಷಣಕ್ಕೆ ಕಾಯಲೇಬೇಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ, ಮಗು ಕುಡಿಯುವಷ್ಟು ಎಚ್ಚರವಿದ್ದರೆ, ಚಮಚ ನಿಲ್ಲಿಸಬೇಡಿ.

ಭೇದಿ ಬಾರದಂತೆ ತಡೆಯುವುದೂ ನಮ್ಮ ಕೈಯಲ್ಲಿದೆ. ಊಟ ಮಾಡಿಸುವ ಮೊದಲು, ಮಗುವಿನ ಮಲ ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ರೋಟಾವೈರಸ್ ಲಸಿಕೆ 6, 10, 14ನೇ ವಾರಗಳಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಓಆರ್‌ಎಸ್, ಜಿಂಕ್ ಬೇಕಾದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.

ನಮ್ಮಲ್ಲಿ ಹಲವರ ಮನೆಗಳಲ್ಲಿ ಪ್ಯಾಕೆಟ್ ಮೇಲಿನ ಇಂಗ್ಲಿಷ್ ಓದುವವರು ನಾವೇ. ಅಮ್ಮಿ, ಖಾಲಾ, ಅತ್ತಿಗೆ ಎಲ್ಲರೂ ನಮ್ಮ ಮಾತು ನಂಬಿ ಚಮಚ ಹಿಡಿಯುತ್ತಾರೆ. ಈಗ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಎರಡು ಪ್ಯಾಕೆಟ್ ಸದಾ ಇರುತ್ತವೆ. ಅವುಗಳ ಮೇಲೆ ನಾನು ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಬರೆದಿದ್ದೇನೆ: ಒಂದು ಬಾಟಲಿ ನೀರು, ಪೂರ್ತಿ.