ಯುದ್ಧ ಮುಗಿದ ಬಂದೂಕುಗಳ ಪಂದ್ಯ

ಯುದ್ಧ ಮುಗಿದೊಡನೆ ಯೋಧನು ಊರಿಗೆ ಮರಳುತ್ತಾನೆ. ಆತನ ಎದೆಯ ಮೇಲಿನ ಪದಕಗಳು ಪೆಟ್ಟಿಗೆಯನ್ನು ಸೇರುತ್ತವೆ. ಆದರೆ ಹಗಲಿರುಳೂ ಆತನ ಹೆಗಲನ್ನು ಬಿಟ್ಟಿಳಿಯದಿದ್ದ ಬಂದೂಕಿನ ಗತಿಯೇನು? ಎರಡನೆಯ ಮಹಾಯುದ್ಧವೊಂದಕ್ಕೇ ಕೋಟಿಗಟ್ಟಲೆ ಬಂದೂಕುಗಳು ಕಾರ್ಖಾನೆಗಳಿಂದ ಹೊರಬಿದ್ದುವು. ಅವುಗಳಲ್ಲಿ ಎಷ್ಟೋ ಕುಲುಮೆಯಲ್ಲಿ ಕರಗಿದುವು. ಎಷ್ಟೋ ಸಮುದ್ರದ ಪಾಲಾದುವು. ಎಷ್ಟೋ ಬೇರೊಂದು ದೇಶದ ಬೇರೊಂದು ಯುದ್ಧಕ್ಕೆ ಹೊರಟುವು. ಉಳಿದವುಗಳಲ್ಲಿ ಕೆಲವಕ್ಕೆ ಮಾತ್ರ ವಿಚಿತ್ರವಾದ ಮುಪ್ಪು ಲಭಿಸಿದೆ. ಪ್ರತಿ ಬೇಸಗೆಯಲ್ಲಿಯೂ ಅವು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಎಂಬ ಮಹಾ ಸರೋವರದ ದಡದ ಮೇಲೆ ಸಾಲುಗಟ್ಟಿ, ಹಗಲೆಲ್ಲ ಕಾಗದದ ಗುರಿಗೆ ಗುಂಡು ಹಾರಿಸುತ್ತವೆ.

ಈ ಬಯಲಿನ ಹೆಸರು ಕ್ಯಾಂಪ್ ಪೆರಿ. 1813ರಲ್ಲಿ ಇದೇ ಸರೋವರದಲ್ಲಿ ಬ್ರಿಟಿಷ್ ನೌಕೆಗಳನ್ನು ಸೋಲಿಸಿದ ಆಲಿವರ್ ಹಜಾರ್ಡ್ ಪೆರಿಯ ನೆನಪಿಗೆ ಇಟ್ಟ ಹೆಸರು. ಅಮೆರಿಕದ ರಾಷ್ಟ್ರೀಯ ಗುರಿಪಂದ್ಯಗಳು 1903ರಲ್ಲಿ ನ್ಯೂಜೆರ್ಸಿಯ ಸೀಗರ್ಟ್‌ನಲ್ಲಿ ಆರಂಭವಾಗಿ, 1907ರಲ್ಲಿ ಇಲ್ಲಿಗೆ ಬಂದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಬಯಲು ಸೆರೆಮನೆಯಾಗಿತ್ತು. ಇಟಲಿಯ ಹಾಗೂ ಜರ್ಮನಿಯ ಯುದ್ಧಕೈದಿಗಳನ್ನು ಇಲ್ಲಿ ಇರಿಸಿದ್ದರು. ಅವರಿಗಾಗಿ ಕಟ್ಟಿದ ಪುಟ್ಟ ಮನೆಗಳಲ್ಲಿ ಮುಂದೆ ಸ್ಪರ್ಧಾಳುಗಳು ತಂಗುತ್ತಿದ್ದರು. ಆ ಕೈದಿಗಳು ರಣರಂಗದಲ್ಲಿ ಕೆಳಗಿಟ್ಟ ಮೌಸರ್, ಕಾರ್ಕಾನೊ ಮಾದರಿಯ ಬಂದೂಕುಗಳೇ ಇಂದು ಅದೇ ನೆಲದಲ್ಲಿ ಸದ್ದು ಮಾಡುತ್ತಿವೆ. ಚರಿತ್ರೆಗೂ ಒಂದು ಬಗೆಯ ಹಾಸ್ಯಪ್ರಜ್ಞೆಯಿದೆ ಎನ್ನಬೇಕು.

ಹಳೆಯ ಸೇನಾ ಬಂದೂಕುಗಳಿಗೆಂದೇ ಮೀಸಲಾದ ಪಂದ್ಯಗಳು ಇಲ್ಲಿ ಬೇರೂರಿದುದು ಈಚೆಗೆ. ಗ್ಯಾರಂಡ್ ಬಂದೂಕಿನ ಪಂದ್ಯ 1998ರಲ್ಲಿ ಆರಂಭವಾಯಿತು. ಬಳಿಕ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಬಂದೂಕಿಗೊಂದು, ಪರದೇಶಗಳ ಹಳೆಯ ಬಂದೂಕುಗಳಿಗೊಂದು, ದುರ್ಬೀನು ಕೂಡಿಸಿದ ಬಂದೂಕುಗಳಿಗೆ ಇಬ್ಬಿಬ್ಬರ ಜೋಡಿಯಲ್ಲಿ ಮತ್ತೊಂದು - ಹೀಗೆ ಪಂದ್ಯಗಳು ಬೆಳೆದುವು. ಸ್ಪರ್ಧಾಳುಗಳಲ್ಲಿ ನಿವೃತ್ತ ಸೈನಿಕರುಂಟು, ಗೃಹಿಣಿಯರುಂಟು, ಅಜ್ಜನ ಬಂದೂಕನ್ನು ಹೊತ್ತು ಬರುವ ಮೊಮ್ಮಕ್ಕಳುಂಟು.

ಈ ಪಂದ್ಯದ ಜೀವಾಳವೆಲ್ಲ ಒಂದು ನಿಯಮದಲ್ಲಿದೆ. ಸೇನೆಯು ಯೋಧನ ಕೈಗೆ ಕೊಟ್ಟಾಗ ಬಂದೂಕು ಹೇಗಿತ್ತೋ ಇಂದಿಗೂ ಹಾಗೆಯೇ ಇರಬೇಕು. ಸವೆದ ಭಾಗಕ್ಕೆ ಅದೇ ಮಾದರಿಯ ಭಾಗವನ್ನು ಕೂಡಿಸಬಹುದು. ಆದರೆ ನಳಿಗೆ ಅಲುಗದಂತೆ ಮರಕ್ಕೂ ಲೋಹಕ್ಕೂ ನಡುವೆ ಅಂಟು ತುಂಬುವಂತಿಲ್ಲ; ಹಿಡಿಮರವನ್ನು ಕೆನ್ನೆಗೊಪ್ಪುವಂತೆ ಕೆತ್ತುವಂತಿಲ್ಲ; ಟ್ರಿಗರನ್ನು ಬೇಕಾದಂತೆ ಹಗುರ ಮಾಡುವಂತಿಲ್ಲ. ಪಂದ್ಯಕ್ಕೆ ಮೊದಲು ಅಧಿಕಾರಿಗಳು ಟ್ರಿಗರಿಗೆ ತೂಕದ ಬಟ್ಟನ್ನು ತೂಗಿಬಿಟ್ಟು ನೋಡುತ್ತಾರೆ. ಗ್ಯಾರಂಡಿನ ಟ್ರಿಗರು ನಾಲ್ಕೂವರೆ ಪೌಂಡು, ಎಂದರೆ ಸುಮಾರು ಎರಡು ಕಿಲೋ ಭಾರವನ್ನು ತಾಳಬೇಕು. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದ ಕ್ರೀಡೆಯಲ್ಲಿ ಬಂದೂಕಿನ ಪ್ರತಿಯೊಂದು ಅಂಗವನ್ನೂ ಕ್ರೀಡಾಪಟುವಿನ ಮೈಗೆ ಹೊಂದಿಸುತ್ತಾರೆ. ಇಲ್ಲಿಯ ರೀತಿ ಅದಕ್ಕೆ ತೀರ ವಿರುದ್ಧ. ಇಲ್ಲಿ ಮನುಷ್ಯನೇ ಬಂದೂಕಿಗೆ ಹೊಂದಿಕೊಳ್ಳಬೇಕು.

ಹಳೆಯ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸುವ ವಿದ್ವಾಂಸರಿಗೆ ಈ ನಿಯಮದ ಮರ್ಮ ಬೇಗನೆ ತಿಳಿದೀತು. ಲಿಪಿಕಾರನು ಬರೆದುದು ತಪ್ಪಾಗಿ ಕಂಡಿತೆಂದು ಸಂಪಾದಕನು ಓಲೆಯ ಮೇಲೆಯೇ ತಿದ್ದಿಬಿಟ್ಟರೆ, ಅದರೊಡನೆ ಮೂಲಪಾಠವೇ ಅಳಿದುಹೋಗುತ್ತದೆ. ಅಮೆರಿಕದಲ್ಲಿ ಬಂದೂಕುಗಳಿಗೆ ಆದುದೂ ಇದೇ. 1950 ಮತ್ತು 60ರ ದಶಕಗಳಲ್ಲಿ ನಾನಾ ದೇಶಗಳ ಸೇನೆಗಳು ಮಾರಿದ ಬಂದೂಕುಗಳು ಅಲ್ಲಿ ಅಗ್ಗವಾಗಿ ದೊರೆಯುತ್ತಿದ್ದುವು. ಕೊಂಡವರು ಹಿಡಿಮರವನ್ನು ಕೊಯ್ದು, ನಳಿಗೆಯನ್ನು ಮೊಟಕುಗೊಳಿಸಿ, ಜಿಂಕೆಯ ಬೇಟೆಗೆ ಒದಗಿಸಿಕೊಂಡರು. ಇಂದು ತಿದ್ದದೆ ಉಳಿದ ಬಂದೂಕು ಸಿಕ್ಕುವುದೇ ಕಷ್ಟ. ಬಂದೂಕನ್ನು ಹಾಗೆಯೇ ಉಳಿಸಿಕೊಂಡವನಿಗೆ ಮಾತ್ರ ಪಂದ್ಯದ ಬಾಗಿಲು ತೆರೆದಿರುವುದರಿಂದ, ಗರಗಸ ಹಿಡಿದ ಕೈಗಳು ಹಿಂಜರಿದಿವೆ. ಸಂಗ್ರಹಾಲಯಗಳ ಬೋಧನೆಗಿಂತ ಈ ಆಸೆಯೇ ಹೆಚ್ಚು ಕೆಲಸ ಮಾಡಿದೆ ಎಂದರೆ ತಪ್ಪಾಗಲಾರದು.

ಗುರಿಯ ದೂರ ಇನ್ನೂರು ಗಜ; ಕ್ರಿಕೆಟ್ ಪಿಚ್ಚಿನ ಒಂಬತ್ತರಷ್ಟು ಎಂದುಕೊಳ್ಳಬಹುದು. ಹತ್ತು ಅಂಕ ಕೊಡುವ ನಡುವಿನ ವೃತ್ತದ ಅಗಲ ಏಳು ಅಂಗುಲ, ತಿಂಡಿಯ ತಟ್ಟೆಯಷ್ಟು. ಅಭ್ಯಾಸದ ಐದು ಗುಂಡುಗಳಾದ ಮೇಲೆ ಲೆಕ್ಕಕ್ಕೆ ಬರುವವು ಮೂವತ್ತು: ಮಲಗಿ ನಿಧಾನವಾಗಿ ಹತ್ತು, ಮಲಗಿಯೇ ಒಂದೂವರೆ ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಹತ್ತು, ನಿಂತು ಹತ್ತು. ಎಲ್ಲವೂ ನಡುವೃತ್ತವನ್ನೇ ಹೊಕ್ಕರೆ ಮುನ್ನೂರು ಅಂಕ. ಅವಸರದ ಸುತ್ತಿನಲ್ಲಿಯೇ ನಡುವೆ ತೋಟಾಗಳನ್ನು ಮತ್ತೊಮ್ಮೆ ತುಂಬಬೇಕು. ಗ್ಯಾರಂಡಿನಲ್ಲಿ ಮೊದಲು ಎರಡು, ಬಳಿಕ ಎಂಟು ತೋಟಾಗಳ ಒಂದು ಕಟ್ಟು. ಆ ಕಟ್ಟನ್ನು ಒತ್ತಿದೊಡನೆ ಬೆರಳನ್ನು ಹಿಂದಕ್ಕೆಳೆಯದಿದ್ದರೆ ಉಕ್ಕಿನ ಅಗುಳಿ ಮುಂದಕ್ಕೆ ಚಿಮ್ಮಿ ಹೆಬ್ಬೆರಳನ್ನು ಜಜ್ಜುತ್ತದೆ. ‘ಗ್ಯಾರಂಡ್ ಹೆಬ್ಬೆರಳು’ ಎಂಬುದು ಅಲ್ಲಿ ಮನೆಮಾತು.

ನಿಂತು ಹೊಡೆಯುವುದೇ ಎಲ್ಲಕ್ಕಿಂತ ಕಠಿಣ. ನಾಲ್ಕು ಕಿಲೋಗೂ ಮಿಗಿಲಾದ ಭಾರ, ಸರೋವರದ ಗಾಳಿ, ಎದೆಯ ಬಡಿತ - ಇವೆಲ್ಲವೂ ನಳಿಗೆಯ ತುದಿಯಲ್ಲಿ ಕಾಣಿಸಿಕೊಳ್ಳುತ್ತವೆ. ಇದರ ಜೊತೆಗೆ ಕಣ್ಣಿನ ಕಷ್ಟ. ಹಿಂದಿನ ಕಿಂಡಿ, ಮುಂದಿನ ಗುರಿಮೊನೆ, ದೂರದ ಗುರಿ ಈ ಮೂರನ್ನೂ ಒಂದೇ ಗೆರೆಯಲ್ಲಿ ತರಬೇಕು. ಆದರೆ ಕಣ್ಣು ಒಮ್ಮೆಗೆ ಒಂದನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ಅನುಭವಿಯಾದವನು ಗುರಿಮೊನೆಯನ್ನೇ ದಿಟ್ಟಿಸಿ ಗುರಿಯನ್ನು ಮಸುಕಾಗಿರಲು ಬಿಡುತ್ತಾನೆ. ಹೊಡೆಯಬೇಕಾದ ವಸ್ತುವನ್ನೇ ನೋಡಬಾರದೆಂಬ ಈ ಪಾಠ ಹೊಸಬರಿಗೆ ಬಹುಕಾಲ ತಲೆಗೆ ಹತ್ತುವುದಿಲ್ಲ. ಚಾಳೀಸು ಬಂದವರಿಗಂತೂ ಆ ಗುರಿಮೊನೆಯೂ ಮಂಜಾಗುತ್ತದೆ. ಹಳೆಯ ಬಂದೂಕುಗಳನ್ನು ಕೂಡಿಡುವವರಲ್ಲಿ ತಲೆನರೆತವರೇ ಹೆಚ್ಚಾದುದರಿಂದ ಇದು ಸಣ್ಣ ತೊಡಕೇನೂ ಅಲ್ಲ.

ಒಂದು ಗುಂಪು ಹೊಡೆಯುತ್ತಿರುವಾಗ ಮತ್ತೊಂದು ಗುಂಪು ಗುರಿಯ ಕೆಳಗಿನ ಹಳ್ಳದಲ್ಲಿ, ಮಣ್ಣಿನ ಗೋಡೆಯ ಮರೆಯಲ್ಲಿ ಕುಳಿತು, ಹಲಗೆಗಳನ್ನು ಇಳಿಸಿ, ತೂತುಗಳನ್ನು ಗುರುತಿಸಿ, ಮತ್ತೆ ಏರಿಸುತ್ತದೆ. ಬಳಿಕ ಸರದಿ ಬದಲಾಗುತ್ತದೆ. ಎದುರಾಳಿಯ ಅಂಕವನ್ನು ಎತ್ತಿ ತೋರುವವನು ಎದುರಾಳಿಯೇ!

ಸ್ಪರ್ಧೆಯಷ್ಟೇ ರಸವತ್ತಾದುದು ಬಂದೂಕುಗಳ ಮೈಬರಹ. ಸ್ವೀಡನ್ನಿನ ಬಂದೂಕಿನ ಹಿಡಿಯಲ್ಲಿ ಹಿತ್ತಾಳೆಯ ಬಿಲ್ಲೆಯೊಂದಿದ್ದು, ನಳಿಗೆ ಎಷ್ಟು ಸವೆದಿದೆ ಎಂಬುದನ್ನು ಅದರಲ್ಲಿ ಗುರುತು ಹಾಕಿರುತ್ತಾರೆ. ಜಪಾನಿನ ಬಂದೂಕಿನ ನೆತ್ತಿಯ ಮೇಲೆ ಚಕ್ರವರ್ತಿಯ ಲಾಂಛನವಾದ ಸೇವಂತಿಗೆ ಇರಬೇಕು. ಶರಣಾಗತಿಯ ಬಳಿಕ ಒಪ್ಪಿಸಿದ ಎಷ್ಟೋ ಬಂದೂಕುಗಳಲ್ಲಿ ಆ ಹೂವನ್ನು ಅರದಿಂದ ಉಜ್ಜಿ ಅಳಿಸಿದ್ದಾರೆ. ಅಳಿಸಿದ ಆ ಗಾಯವನ್ನೂ ಸಂಗ್ರಾಹಕರು ಹಾಗೆಯೇ ಕಾಪಾಡುತ್ತಾರೆ, ಅದೂ ಚರಿತ್ರೆಯೇ ಅಲ್ಲವೆ? ಸ್ವಿಟ್ಜರ್‌ಲೆಂಡಿನ ಬಂದೂಕಿನದು ಇನ್ನೂ ಸೊಗಸು. ಹಿಡಿಯ ಬುಡದ ಲೋಹದ ತಗಡನ್ನು ಬಿಚ್ಚಿದರೆ ಕೆಲವೊಮ್ಮೆ ಅಲ್ಲಿ ಪುಟ್ಟ ಚೀಟಿಯೊಂದು ಮಡಗಿರುತ್ತದೆ. ಅದರಲ್ಲಿ ಬಂದೂಕನ್ನು ಪಡೆದ ಯೋಧನ ಹೆಸರು, ಊರು, ಪಡೆಯ ವಿವರ. ಆ ದೇಶ ಎರಡು ಮಹಾಯುದ್ಧಗಳಲ್ಲಿಯೂ ತಟಸ್ಥವಾಗಿತ್ತು. ಚೀಟಿಯ ಒಡೆಯನು ಗಡಿಯಲ್ಲಿ ಕಾವಲು ನಿಂತು, ಶತ್ರುವಿನ ಮೇಲೆ ಗುಂಡು ಹಾರಿಸುವ ಪ್ರಸಂಗವೇ ಒದಗದೆ ಹೊಲಕ್ಕೋ ಅಂಗಡಿಗೋ ಮರಳಿರಬೇಕು.

ಕನ್ನಡಿಗರಿಗೆ ಪರಿಚಿತವಾದ ಬಂದೂಕೂ ಈ ಲೋಕದಲ್ಲಿದೆ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’ ಎಂಬ ಲೀ ಎನ್‌ಫೀಲ್ಡ್ ಅದು. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದ ಇವುಗಳ ಮೈಮೇಲೆ ಬ್ರಿಟಿಷರ ಕಾಲದಲ್ಲಿ ಕಿರೀಟದ ಮುದ್ರೆಯಿತ್ತು. ಸ್ವಾತಂತ್ರ್ಯಾನಂತರ ಅಶೋಕಸ್ತಂಭದ ಸಿಂಹಗಳು ಬಂದುವು. ನಮ್ಮ ಸೇನೆ ಬಿಟ್ಟುಕೊಟ್ಟ ಇಂಥ ಬಂದೂಕುಗಳು ಅಮೆರಿಕದ ಸಂಗ್ರಾಹಕರ ಕೈಸೇರಿವೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯ ದಿನದ ಪಥಸಂಚಲನದಲ್ಲಿ ಇದಕ್ಕೆ ವಿದಾಯ ಹೇಳಿದರು. ಆದರೆ ಭಾರತದ ನಾಗರಿಕನು ಇಂಥ ಪಂದ್ಯವನ್ನು ಇಲ್ಲಿ ಕನಸಿನಲ್ಲಿಯೂ ಎಣಿಸುವಂತಿಲ್ಲ. ಸೇನೆಯ ತೋಟಾ ಹಿಡಿಸುವ ಬಂದೂಕುಗಳು ನಮ್ಮ ಕಾಯಿದೆಯಲ್ಲಿ ಸಾಮಾನ್ಯರಿಗೆ ನಿಷಿದ್ಧ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಕೊಡಗಿನವರ ಸಂಭ್ರಮವೇ ನಮಗೆ ಇದರ ಹತ್ತಿರದ ನೆಂಟ.

ಪಂದ್ಯಕ್ಕೆ ಹೆಸರು ಕೊಟ್ಟ ಜಾನ್ ಗ್ಯಾರಂಡ್ 1888ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಜನಿಸಿದನು. ಅಮೆರಿಕಕ್ಕೆ ವಲಸೆ ಬಂದು, ಎಳೆಯ ವಯಸ್ಸಿನಲ್ಲಿಯೇ ಬಟ್ಟೆಯ ಗಿರಣಿಯಲ್ಲಿ ದುಡಿದು, ಯಂತ್ರಗಳ ಗುಟ್ಟನ್ನು ತಾನೇ ಕಲಿತನು. ಸ್ಪ್ರಿಂಗ್‌ಫೀಲ್ಡಿನ ಸರ್ಕಾರಿ ಶಸ್ತ್ರಾಗಾರದಲ್ಲಿ ವರ್ಷಗಟ್ಟಲೆ ಶ್ರಮಿಸಿ ಆತ ರೂಪಿಸಿದ ಬಂದೂಕನ್ನು ಸೇನೆ 1936ರಲ್ಲಿ ಅಂಗೀಕರಿಸಿತು. ಪ್ರತಿಸಲವೂ ಅಗುಳಿಯನ್ನು ಎಳೆಯದೆ, ಟ್ರಿಗರನ್ನು ಒತ್ತಿದಷ್ಟು ಸಲವೂ ಗುಂಡು ಹಾರಿಸುವ ಈ ಬಂದೂಕು ಐವತ್ತು ಲಕ್ಷಕ್ಕೂ ಮಿಕ್ಕು ತಯಾರಾಯಿತು. ಅದರ ಹಕ್ಕುಗಳನ್ನು ಆತ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದನು. ಒಂದೊಂದಕ್ಕೆ ಇಷ್ಟೆಂದು ಗೌರವಧನ ಆತನಿಗೆ ಬರಲಿಲ್ಲ. ಒಂದು ಲಕ್ಷ ಡಾಲರ್ ಕೊಡಬೇಕೆಂಬ ಮಸೂದೆಯನ್ನು ಶಾಸನಸಭೆಯಲ್ಲಿ ಮಂಡಿಸಿದರೂ ಅದು ಅಂಗೀಕಾರವಾಗಲಿಲ್ಲ. ಸಂಬಳದಲ್ಲಿಯೇ ಬಾಳಿ 1953ರಲ್ಲಿ ನಿವೃತ್ತನಾಗಿ, 1974ರಲ್ಲಿ ತೀರಿಕೊಂಡನು. ಗ್ರೀಸ್, ಡೆನ್ಮಾರ್ಕ್, ಫಿಲಿಪ್ಪೀನ್ಸ್‌ಗಳಿಗೆ ಹೋಗಿದ್ದ ಆತನ ಬಂದೂಕುಗಳು ದಶಕಗಳ ಬಳಿಕ ತವರಿಗೆ ಮರಳಿ, ಪಂದ್ಯಗಳನ್ನು ನಡೆಸುವ ಸಂಸ್ಥೆಯ ಮೂಲಕ ನಾಗರಿಕರಿಗೆ ಮಾರಾಟವಾದುವು.

ಕೊಲ್ಲಲೆಂದೇ ಹುಟ್ಟಿದ ಆಯುಧವನ್ನು ವಿನೋದಕ್ಕೆ ಬಳಸುವುದು ಸರಿಯೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1963ರಲ್ಲಿ ಅಧ್ಯಕ್ಷ ಕೆನಡಿಯ ಪ್ರಾಣ ತೆಗೆದುದು ಇಂಥದೇ ಒಂದು ಹಳೆಯ ಸೇನಾ ಬಂದೂಕು. ಇಟಲಿಯ ಆ ಕಾರ್ಕಾನೊವನ್ನು ಕೊಲೆಗಾರನು ಜಾಹೀರಾತು ನೋಡಿ, ಸುಳ್ಳು ಹೆಸರಿನಲ್ಲಿ, ಸಾಗಣೆಯ ವೆಚ್ಚವೂ ಸೇರಿ 21 ಡಾಲರ್ 45 ಸೆಂಟಿಗೆ ಟಪಾಲಿನಲ್ಲಿ ತರಿಸಿಕೊಂಡಿದ್ದನು. 1968ರ ಕಾಯಿದೆಯು ಅಂಥ ಟಪಾಲು ವ್ಯಾಪಾರವನ್ನೂ ಪರದೇಶದ ಹಳೆಯ ಸೇನಾ ಬಂದೂಕುಗಳ ಆಮದನ್ನೂ ತಡೆಯಿತು. ಆಮದಿನ ಬಾಗಿಲು ಸಂಗ್ರಾಹಕರಿಗಾಗಿ ಮತ್ತೆ ತೆರೆದುದು 1980ರ ದಶಕದಲ್ಲಿ. ಕಾರ್ಕಾನೊ ಇಂದಿಗೂ ಪಂದ್ಯದ ಸಾಲಿನಲ್ಲಿ ನಿಲ್ಲಬಹುದು. ಅದನ್ನು ಹಿಡಿದವನು ಪಕ್ಕದವನ ಪ್ರಶ್ನೆಗೆ ಉತ್ತರ ಹೇಳಲು ಸಿದ್ಧನಾಗಿರಬೇಕು, ಅಷ್ಟೆ.

ಅಪಾಯವಿರುವುದು ಇತರರಿಗೆ ಮಾತ್ರವಲ್ಲ. ಹಳೆಯ ಸೇನಾ ತೋಟಾಗಳನ್ನು ಹಾರಿಸಿದಾಗ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿದು, ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಆದುದರಿಂದ ಅವನ್ನು ಬಳಸಿದವರು ಅಂದೇ ಸಂಜೆ ಕಾಯಿಸಿದ ನೀರನ್ನು ನಳಿಗೆಗೆ ಹೊಯ್ದು, ಒರೆಸಿ, ಎಣ್ಣೆ ಸವರುತ್ತಾರೆ. ಇದು ಸಣ್ಣ ಮಾತು. ಸ್ಪ್ರಿಂಗ್‌ಫೀಲ್ಡ್ ಬಂದೂಕಿನ ಕಥೆ ಹಾಗಲ್ಲ. ಮೊದಲ ಮಹಾಯುದ್ಧದ ಅವಸರದಲ್ಲಿ ಕೆಲವು ಬಂದೂಕುಗಳು ಹೊಡೆಯುವವನ ಮುಖದ ಬಳಿಯಲ್ಲಿಯೇ ಸಿಡಿದು ಚೂರಾದುವು. ವಿಚಾರಿಸಲಾಗಿ, ಕುಲುಮೆಯ ಮುಂದೆ ನಿಂತ ಕುಶಲ ಕೆಲಸಗಾರರು ಉಕ್ಕಿನ ಹದವನ್ನು ಬಣ್ಣ ನೋಡಿಯೇ ನಿರ್ಧರಿಸುತ್ತಿದ್ದುದು ತಿಳಿಯಿತು. ಮೋಡದ ದಿನ ಕೆಂಡದಂತೆ ಹೊಳೆಯುವ ಲೋಹ ಬಿಸಿಲಿನ ದಿನ ಮಂಕಾಗಿ ಕಾಣುತ್ತದೆ. ಸಾಲದೆಂದು ಮತ್ತಷ್ಟು ಕಾಯಿಸುತ್ತಿದ್ದರು. ಹೀಗೆ ಅತಿಯಾಗಿ ಬೆಂದ ಉಕ್ಕು ಗಾಜಿನಂತೆ ಪೆಡಸಾಗುತ್ತಿತ್ತು. 1918ರಲ್ಲಿ ಕ್ರಮ ಬದಲಾಯಿತು. ಸ್ಪ್ರಿಂಗ್‌ಫೀಲ್ಡಿನಲ್ಲಿ ತಯಾರಾದವುಗಳಲ್ಲಿ 8,00,000ಕ್ಕಿಂತ ಕೆಳಗಿನ ಸಂಖ್ಯೆಯವು, ರಾಕ್ ಐಲೆಂಡ್ ಶಸ್ತ್ರಾಗಾರದವುಗಳಲ್ಲಿ 2,85,507ಕ್ಕಿಂತ ಕೆಳಗಿನವು - ಇವನ್ನು ಹಾರಿಸಬೇಡಿರೆಂದು ಸಂಗ್ರಾಹಕರಿಗೆ ಇಂದಿಗೂ ಎಚ್ಚರಿಕೆ ಕೊಡುತ್ತಾರೆ.

ಯಾವುದು ಬಿಸಿಲಿನ ದಿನದ್ದು, ಯಾವುದು ಮೋಡದ ದಿನದ್ದು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ. ಆದುದರಿಂದ ಆ ಸಂಖ್ಯೆಯ ಬಂದೂಕು ಮನೆಯಲ್ಲಿದ್ದವನು ಅದಕ್ಕೆ ಎಣ್ಣೆ ಸವರಿ ಗೋಡೆಗೆ ತೂಗುಹಾಕಿ, ಕ್ಯಾಂಪ್ ಪೆರಿಗೆ ಮತ್ತೊಂದನ್ನು ಹೊತ್ತೊಯ್ಯುತ್ತಾನೆ.